ಗೋಡೆ ಮೇಲೆ ಹತ್ತು ಸಂಘ, ಟೈಮ್‌ಟೇಬಲ್‌ನಲ್ಲಿ ಒಂದೂ ಇಲ್ಲ

ನಮ್ಮ ಕಡೆಯ ಯಾವುದಾದರೂ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರ್ ಕೋಣೆಗೆ ಹೋಗಿ. ಗೋಡೆಯ ಮೇಲೆ ಒಂದು ಬೋರ್ಡ್ ಕಾಣುತ್ತದೆ. ಕನ್ನಡ ಸಂಘ, ವಿಜ್ಞಾನ ಸಂಘ, ಗಣಿತ ಸಂಘ, ಇಕೋ ಕ್ಲಬ್, ಚುನಾವಣಾ ಸಾಕ್ಷರತಾ ಸಂಘ, ಗ್ರಾಹಕ ಕ್ಲಬ್, ಮಕ್ಕಳ ಹಕ್ಕುಗಳ ಕ್ಲಬ್. ಪ್ರತಿ ಹೆಸರಿನ ಎದುರಿಗೆ ಒಬ್ಬ ಶಿಕ್ಷಕರ ಹೆಸರು. ಎಣಿಸಿದರೆ ಸಂಘಗಳು ಹತ್ತು ಹನ್ನೆರಡು, ಮೇಷ್ಟ್ರುಗಳು ಏಳೆಂಟು. ಹಾಗಾಗಿ ಒಬ್ಬರ ಹೆಸರೇ ಮೂರು ಕಡೆ ಇರುತ್ತದೆ.

ಈಗ ಪಕ್ಕದಲ್ಲೇ ಅಂಟಿಸಿದ ಟೈಮ್‌ಟೇಬಲ್ ನೋಡಿ. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ. ಅಲ್ಲೊಂದು ಇಲ್ಲೊಂದು ಪಿಟಿ. ವಿಜ್ಞಾನ ಸಂಘಕ್ಕೆ ಅಂತ ಒಂದು ಪಿರಿಯಡ್ ಹುಡುಕಿದರೆ ಸಿಗುವುದು ಅಪರೂಪ. ಹಾಗಾದರೆ ಈ ಸಂಘ ಸೇರುವುದು ಯಾವಾಗ? ಕೇಳಿದರೆ ಹೆಚ್ಚಿನ ಕಡೆ ಇಂಥದ್ದೇ ಉತ್ತರ ಬರುತ್ತದೆ: "ಶುರುವಿನಲ್ಲಿ ಒಂದು ಉದ್ಘಾಟನೆ ಮಾಡ್ತೀವಿ ಸಾರ್. ಆಮೇಲೆ ದಿನಾಚರಣೆ ಬಂದಾಗ ಏನಾದರೂ ಮಾಡಿಸ್ತೀವಿ."

ಹೈಸ್ಕೂಲ್ ಮಕ್ಕಳಿಗೆ ಪಾಠ ಬಿಟ್ಟು ಬೇರೇನೂ ಇಲ್ಲ ಎಂದು ಬೇಸರ ಪಡುವವರು ಬಹಳ. ಹೆಸರು ಲೆಕ್ಕ ಹಾಕಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಇರುವುದು ಜಾಸ್ತಿಯೇ. ಇಲ್ಲದಿರುವುದು ಎರಡು. ವಾರ ವಾರ ತಪ್ಪದೆ ಸಿಗುವ ಒಂದು ಗಂಟೆ. ಆ ಗಂಟೆಗೆ ತಪ್ಪದೆ ಬರುವ ಒಬ್ಬ ದೊಡ್ಡವರು. ಇವೆರಡೂ ಇಲ್ಲದ ಕಡೆ ಸಂಘ ಅಂದರೆ ಬ್ಯಾನರು ಮತ್ತು ಫೋಟೋ.

ಬೋರ್ಡ್ ಇಷ್ಟು ಉದ್ದ ಆಗಿದ್ದು ಹೇಗೆ ಅಂತ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಕೇಂದ್ರದ ಪರಿಸರ ಸಚಿವಾಲಯ 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಶುರು ಮಾಡಿತು. ಶಾಲೆಗೊಂದು ಇಕೋ ಕ್ಲಬ್ ಬಂತು. ಚುನಾವಣಾ ಆಯೋಗ 2018ರ ಜನವರಿ 25ರಂದು, ಮತದಾರರ ದಿನದಂದೇ, ಚುನಾವಣಾ ಸಾಕ್ಷರತಾ ಸಂಘಗಳಿಗೆ ಚಾಲನೆ ಕೊಟ್ಟಿತು. ಗ್ರಾಹಕರ ಹಕ್ಕು, ರಸ್ತೆ ಸುರಕ್ಷತೆ, ತಂಬಾಕು ತಡೆ, ಹೀಗೆ ಪ್ರತಿ ಇಲಾಖೆಗೂ ಮಕ್ಕಳಿಗೆ ಹೇಳಬೇಕಾದ ಮಾತು ಒಂದಿರುತ್ತದೆ. ಹೇಳಲು ಸುಲಭದ ದಾರಿ ಶಾಲೆಯಲ್ಲೊಂದು ಕ್ಲಬ್. ಯಾವುದೂ ಕೆಟ್ಟ ಉದ್ದೇಶದ್ದಲ್ಲ. ಆದರೆ ಎಲ್ಲವೂ ಮೇಲಿನಿಂದ ಇಳಿದು ಬಂದವು. ಮಕ್ಕಳು "ನಮಗೆ ಇದು ಬೇಕು" ಅಂತ ಕೇಳಿ ಕಟ್ಟಿಕೊಂಡದ್ದಲ್ಲ.

ಹೀಗೆ ಬಂದ ಸಂಘದ ಕೆಲಸ ಮುಗಿಯುವುದು ವರದಿ ಕಳಿಸಿದಾಗ. ಗಿಡ ನೆಟ್ಟ ಫೋಟೋ, ಪ್ರತಿಜ್ಞೆ ಮಾಡಿದ ಫೋಟೋ, ಪ್ರಬಂಧ ಸ್ಪರ್ಧೆಯ ಫೋಟೋ. ಸಂಜೆಯೊಳಗೆ ವಾಟ್ಸಾಪ್ ಗುಂಪಿಗೆ ಹಾಕಬೇಕು. ಗಿಡಕ್ಕೆ ಮರುವಾರ ನೀರು ಹಾಕಿದವರು ಯಾರು ಎಂದು ಯಾವ ಫಾರ್ಮೂ ಕೇಳುವುದಿಲ್ಲ. ಅದೇ ಗುಂಡಿಯಲ್ಲಿ ಪ್ರತಿ ಜೂನ್ 5ಕ್ಕೆ ಹೊಸ ಗಿಡ ನೆಡುವುದನ್ನು ನಾನೇ ಎರಡು ವರ್ಷ ವಿದ್ಯಾರ್ಥಿಯಾಗಿ ನೋಡಿದ್ದೇನೆ. ಗುಂಡಿ ತೋಡುವ ಕಷ್ಟವಾದರೂ ಉಳಿಯಿತು ಅಂತ ನಗುತ್ತಿದ್ದೆವು.

ಇನ್ನು ಪ್ರತಿಭಾ ಕಾರಂಜಿ. ಕರ್ನಾಟಕದಲ್ಲಿ ಓದಿದ ಇವತ್ತಿನ ಯುವಕರಲ್ಲಿ ಈ ಹೆಸರು ಕೇಳದವರು ಕಡಿಮೆ. ಕಂಠಪಾಠ, ಆಶುಭಾಷಣ, ಛದ್ಮವೇಷ, ಮಿಮಿಕ್ರಿ, ಭಾವಗೀತೆ, ಜನಪದ ಗೀತೆ, ರಂಗೋಲಿ, ಗಜಲ್, ಕವ್ವಾಲಿ, ಮಣ್ಣಿನ ಮಾದರಿ. ಶಾಲೆಯಲ್ಲಿ ಗೆದ್ದವರು ಕ್ಲಸ್ಟರಿಗೆ, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ, ರಾಜ್ಯಕ್ಕೆ. ದೊಡ್ಡ ತರಗತಿಯ ಮಕ್ಕಳಿಗೆ 2015ರಿಂದ ರಾಷ್ಟ್ರ ಮಟ್ಟದ ಕಲೋತ್ಸವವೂ ಇದೆ. ಹಳ್ಳಿಯ ಹುಡುಗಿಯೊಬ್ಬಳು ಮೊದಲ ಸಲ ಮೈಕ್ ಹಿಡಿಯುವುದು, ಮೊದಲ ಸಲ ಬೇರೆ ತಾಲ್ಲೂಕಿಗೆ ಹೋಗುವುದು ಈ ನೆಪದಲ್ಲೇ. ಅದನ್ನು ಕಡಿಮೆ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಜಿಲ್ಲಾ ಮಟ್ಟದಲ್ಲಿ ಭರತನಾಟ್ಯಕ್ಕೆ ಬಹುಮಾನ ಪಡೆದ ಹುಡುಗಿ ಅದನ್ನು ಕಲಿತದ್ದು ಎಲ್ಲಿ? ಶಾಲೆಯಲ್ಲಂತೂ ಅಲ್ಲ. ಮನೆಯವರು ಐದಾರು ವರ್ಷ ಫೀ ಕಟ್ಟಿ ಕ್ಲಾಸಿಗೆ ಕಳಿಸಿರುತ್ತಾರೆ. ಭಾವಗೀತೆ ಹಾಡುವವನ ಕತೆಯೂ ಅದೇ. ಶಾಲೆ ಮಾಡಿದ್ದು ಆಯ್ಕೆ ಮಾತ್ರ. "ಯಾರಿಗೆ ಡ್ಯಾನ್ಸ್ ಬರುತ್ತೆ, ಕೈ ಎತ್ತಿ" ಅಂತ ಕೇಳುತ್ತಾರೆ. ಎತ್ತಿದ ಇಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ಕೈ ಎತ್ತದ ಮೂವತ್ತೆಂಟು ಮಕ್ಕಳು ಮತ್ತೆ ಬೆಂಚಿನ ಮೇಲೆ.

ಸ್ಪರ್ಧೆ ಇರುವುದು ಆಗಲೇ ಕಲೆ ಬರುವವರಿಗೆ. ಸಂಘ ಇರಬೇಕಾದ್ದು ಬಾರದವರಿಗೆ. ಈ ಎರಡನ್ನೂ ನಾವು ಒಂದೇ ಅಂದುಕೊಂಡಿದ್ದೇವೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗನಿಗೆ ತನಗೆ ಏನು ಬರುತ್ತದೆ ಎಂದು ಗೊತ್ತಿರುವುದಿಲ್ಲ. ಗೊತ್ತಾಗಬೇಕಾದರೆ ನಾಲ್ಕಾರು ಸಲ ಕೆಟ್ಟದಾಗಿ ಮಾಡಿ ನೋಡಬೇಕು. ತೀರ್ಪುಗಾರರು ಕೂತ ಜಾಗದಲ್ಲಿ ಕೆಟ್ಟದಾಗಿ ಮಾಡಿ ನೋಡುವ ಧೈರ್ಯ ಯಾರಿಗಿರುತ್ತದೆ?

ಸಮಯದ ವಿಷಯಕ್ಕೆ ಬರೋಣ. ಹೆಚ್ಚಿನ ಹೈಸ್ಕೂಲುಗಳು ಹತ್ತು ಗಂಟೆಗೆ ಶುರುವಾಗಿ ನಾಲ್ಕೂವರೆಯ ಹೊತ್ತಿಗೆ ಮುಗಿಯುತ್ತವೆ. ಶನಿವಾರ ಅರ್ಧ ದಿನ. ಸಂಘ ನಡೆಸಬೇಕು ಅಂದ ಕೂಡಲೇ ಎಲ್ಲರ ತಲೆಗೆ ಬರುವುದು "ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಇರಿಸೋಣ" ಎಂಬ ಉಪಾಯ. ಪಟ್ಟಣದಲ್ಲಿ ಮನೆ ಪಕ್ಕದಲ್ಲಿದ್ದರೆ ಸರಿ. ಹಳ್ಳಿಯ ಕಡೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ, ಕೆಲವು ಕಡೆ ಅದೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಚಿತ. ಟಿಕೆಟ್ ಉಚಿತವಾದರೆ ಸಾಲದು, ಬಸ್ಸೂ ಬರಬೇಕಲ್ಲ! 2006-07ರಲ್ಲಿ ಶುರುವಾದ, ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿತ್ತು. ಕೊರೊನಾ ಬಂದಾಗ ಅದು ನಿಂತಿತು. ಸೈಕಲ್ ಇದ್ದ ಹುಡುಗಿ ಸಂಜೆ ಅರ್ಧ ಗಂಟೆ ತಡವಾಗಿ ಹೊರಟರೂ ಮನೆ ಸೇರುತ್ತಿದ್ದಳು. ಬಸ್ಸಿಗೆ ಕಾಯುವವಳಿಗೆ ಆ ಅರ್ಧ ಗಂಟೆ ಇಲ್ಲ.

ಸಂಜೆ ಉಳಿದರೂ ಅದು ಸಂಘಕ್ಕೆ ಸಿಗುವುದಿಲ್ಲ. ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸ್ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೊಂದು, ಸಂಜೆ ಒಂದು. ತಾಲ್ಲೂಕಿನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು ಹೆಡ್‌ಮಾಸ್ಟರನ್ನು ಕೇಳುತ್ತಾರೆ. ವಿಜ್ಞಾನ ಸಂಘ ಸೇರಲಿಲ್ಲ ಅಂತ ಈವರೆಗೆ ಯಾರನ್ನೂ ಯಾರೂ ಕೇಳಿದಂತಿಲ್ಲ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ಫಲಿತಾಂಶ ಕುಸಿಯಿತು. ಅಲ್ಲಿಂದ ಈ ಒತ್ತಡ ಇನ್ನೂ ಜಾಸ್ತಿಯಾಗಿದೆ. ಮೇಷ್ಟ್ರುಗಳನ್ನು ಇದರಲ್ಲಿ ದೂರಿ ಪ್ರಯೋಜನವಿಲ್ಲ. ಕೇಳುವವರಿರುವ ಕೆಲಸವನ್ನು ಅವರು ಮೊದಲು ಮಾಡುತ್ತಾರೆ.

ದೊಡ್ಡವರು ಬೇಕು ಅಂದೆನಲ್ಲ, ಆ ಕತೆ ಇನ್ನೂ ಬೇಸರದ್ದು. ಚಿತ್ರಕಲೆ, ಸಂಗೀತ, ಕರಕುಶಲ, ನಾಟಕ, ಇವನ್ನು ಕಲಿಸಲೆಂದೇ ವಿಶೇಷ ಶಿಕ್ಷಕರ ಹುದ್ದೆಗಳು ನಮ್ಮ ವ್ಯವಸ್ಥೆಯಲ್ಲಿ ಇವೆ. ನಾಟಕ ಕಲಿತು ಬಂದವರನ್ನು ರಂಗ ಶಿಕ್ಷಕರಾಗಿ ಹೈಸ್ಕೂಲುಗಳಿಗೆ ತೆಗೆದುಕೊಂಡ ರಾಜ್ಯ ನಮ್ಮದು. ಅಂಥವರು ಇರುವ ಶಾಲೆಗೆ ಹೋದರೆ ಗೇಟಿನಲ್ಲೇ ಗೊತ್ತಾಗುತ್ತದೆ. ಮಕ್ಕಳು ಹೊಸಬರನ್ನು ಕಂಡು ಓಡುವುದಿಲ್ಲ, ಬಂದು ಮಾತಾಡಿಸುತ್ತಾರೆ. ಆದರೆ ಅಂಥ ಶಾಲೆಗಳು ಬೆರಳೆಣಿಕೆಯಷ್ಟು. ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರ ಜಾಗಕ್ಕೆ ಹೊಸಬರು ಬಾರದ ಶಾಲೆಗಳು ಎಷ್ಟೋ. ಪಿಟಿ ಮೇಷ್ಟ್ರು ಇದ್ದರೂ ಬಿಸಿಯೂಟದ ಲೆಕ್ಕ, ಚುನಾವಣಾ ಕೆಲಸ, ಸ್ಕಾಲರ್‌ಶಿಪ್ ಅರ್ಜಿ ಅಂತ ಅರ್ಧ ದಿನ ಆಫೀಸಿನಲ್ಲೇ ಇರುತ್ತಾರೆ.

ದುಡ್ಡು ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ನೋಡಬೇಕು. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಟಲ್ ಇನ್ನೊವೇಷನ್ ಮಿಷನ್ ಆರರಿಂದ ಹನ್ನೆರಡನೇ ತರಗತಿ ಇರುವ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. 10 ಲಕ್ಷ ಲ್ಯಾಬ್ ಕಟ್ಟಲು, ಉಳಿದದ್ದು ಐದು ವರ್ಷ ನಡೆಸಲು. ತ್ರೀಡಿ ಪ್ರಿಂಟರ್, ಸೆನ್ಸರ್, ಆರ್ಡುಯಿನೊ ಬೋರ್ಡ್, ಬೆಸುಗೆ ಹಾಕುವ ಸಾಮಾನು. ದೇಶದಲ್ಲಿ ಇಂಥವು 10,000 ಇವೆ. ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಮಾಡುತ್ತೇವೆ ಎಂದು 2025ರ ಕೇಂದ್ರ ಬಜೆಟ್ ಹೇಳಿತು.

ಚೆನ್ನಾಗಿ ನಡೆಯುವ ಲ್ಯಾಬ್ ನೋಡಿದರೆ ಸಂತೋಷವಾಗುತ್ತದೆ. ಹುಡುಗರು ಅಡಿಕೆ ಒಣಗಿಸುವ ಅಂಗಳಕ್ಕೆ ಮಳೆ ಬಂದರೆ ಶಬ್ದ ಮಾಡುವ ಸಾಧನ, ಬೋರ್‌ವೆಲ್ ಮೋಟಾರ್ ತಾನೇ ಆಫ್ ಆಗುವ ಸಾಧನ, ಇಂಥವು ಮಾಡುತ್ತಾರೆ. ನಡೆಯದ ಲ್ಯಾಬ್ ಹೇಗಿರುತ್ತದೆ? ಬೀಗ ಹಾಕಿರುತ್ತದೆ. "ಸಾಮಾನು ಹಾಳಾದರೆ ಯಾರು ಉತ್ತರ ಕೊಡೋದು?" ಎಂಬುದು ಬೀಗಕ್ಕೆ ಕಾರಣ. ದಾಸ್ತಾನು ಪುಸ್ತಕದಲ್ಲಿ ಬರೆದ ವಸ್ತು ಮುರಿದರೆ ಸಹಿ ಹಾಕಿದವರ ತಲೆಗೆ ಬರುತ್ತದೆ. ಬಿಚ್ಚಿ ಮುರಿದು ಕಲಿಯಲಿ ಅಂತ ಕೊಟ್ಟ ಸಾಮಾನು ಮುರಿಯದೆ ಉಳಿಯಿತು ಎಂದರೆ ಅದು ವ್ಯರ್ಥವಾಯಿತು ಅಂತಲೇ ಅರ್ಥ ಅಲ್ವಾ? ನಮ್ಮ ಲೆಕ್ಕಪತ್ರದಲ್ಲಿ ಅದು ಉಲ್ಟಾ.

ಹಾಗಾದರೆ ಎಲ್ಲೂ ನಡೆಯುವುದೇ ಇಲ್ಲವೇ? ನಡೆಯುತ್ತದೆ. ಎನ್‌ಸಿಸಿ ಇರುವ ಹೈಸ್ಕೂಲುಗಳಲ್ಲಿ ಪರೇಡ್ ತಪ್ಪುವುದು ಕಡಿಮೆ. ಯಾಕೆ ಅಂತ ಬಿಡಿಸಿ ನೋಡಿದರೆ ಗುಟ್ಟೇನೂ ಇಲ್ಲ. ಪರೇಡಿಗೆ ಗೊತ್ತಾದ ದಿನವಿದೆ. ನೋಡಿಕೊಳ್ಳುವ ಶಿಕ್ಷಕರಿಗೆ ನಾಗಪುರದ ಹತ್ತಿರದ ಕಾಮ್ಠಿಯಲ್ಲೋ, ಶಿಕ್ಷಕಿಯರಾದರೆ ಗ್ವಾಲಿಯರ್‌ನಲ್ಲೋ ತರಬೇತಿ ಆಗಿರುತ್ತದೆ. ಅವರಿಗೆ ಗೌರವಧನವಿದೆ, ಹೆಗಲ ಮೇಲೆ ದರ್ಜೆಯ ಪಟ್ಟಿಯಿದೆ. ಮಕ್ಕಳಿಗೆ ಸಮವಸ್ತ್ರ, ಪರೇಡ್ ಮುಗಿದ ಮೇಲೆ ತಿಂಡಿ, ವರ್ಷಕ್ಕೊಂದು ಕ್ಯಾಂಪ್, ಎರಡು ವರ್ಷಕ್ಕೆ 'ಎ' ಸರ್ಟಿಫಿಕೇಟ್. ತಿಂಡಿಯನ್ನು ನಗೆಯ ಮಾತು ಅಂದುಕೊಳ್ಳಬೇಡಿ. ಮಧ್ಯಾಹ್ನ ಒಂದೂವರೆಗೆ ಉಂಡ ಮಗು ಐದೂವರೆವರೆಗೆ ಖಾಲಿ ಹೊಟ್ಟೆಯಲ್ಲಿ ನಾಟಕ ಕಲಿಯುವುದಿಲ್ಲ. ಎನ್‌ಸಿಸಿಯ ತೊಂದರೆ ಒಂದೇ. ಸೀಟು ಕಡಿಮೆ, ಇರುವ ಶಾಲೆಗಳೂ ಕಡಿಮೆ.

ಸ್ಕೌಟ್ಸ್ ಮತ್ತು ಗೈಡ್ಸ್‌ಗೂ ಕರ್ನಾಟಕದಲ್ಲಿ ಒಳ್ಳೆಯ ಬೇರಿದೆ. ದಾವಣಗೆರೆ ಕಡೆಯ ಕೊಂಡಜ್ಜಿ, ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಗಳಲ್ಲಿ ಡೇರೆ ಹಾಕಿ ಮಲಗಿದ ನೆನಪು ಎಷ್ಟೋ ಜನಕ್ಕಿದೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗಳ ದೊಡ್ಡ ಸಮಾವೇಶ, ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯೇ ನಡೆಯಿತು. ಇದಕ್ಕೂ ಹಿಂದೆ ಹೋದರೆ ಸೇವಾದಳ ಇದೆ. ಸ್ವಾತಂತ್ರ್ಯ ಹೋರಾಟಗಾರ ಡಾ. ನಾ.ಸು. ಹರ್ಡೀಕರ್ ಹುಬ್ಬಳ್ಳಿಯನ್ನು ನೆಲೆ ಮಾಡಿಕೊಂಡು 1923ರಲ್ಲಿ ಹುಟ್ಟುಹಾಕಿದ ಹಿಂದೂಸ್ತಾನಿ ಸೇವಾದಳದ ನೆನಪು ಹೊತ್ತು ಇವತ್ತಿಗೂ ಶಾಲೆಗಳಲ್ಲಿ ಸೇವಾದಳದ ಟೋಪಿ ಕಾಣುತ್ತದೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾಗುವುದು ಉಡುಪಿ ಕಡೆ ಯಕ್ಷಗಾನ ನಡೆಯುವ ರೀತಿ. ಅಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಎಂಬುದೊಂದಿದೆ. ಮಳೆಗಾಲದಲ್ಲಿ ಶಾಲೆ ಶುರುವಾದ ಮೇಲೆ ಯಕ್ಷಗಾನದ ಗುರುಗಳು ಹೈಸ್ಕೂಲುಗಳಿಗೇ ಬಂದು ಕಲಿಸುತ್ತಾರೆ. ಮೊದಲು ತಾಳ. ಆಮೇಲೆ ಹೆಜ್ಜೆ. ಆಮೇಲೆ ಪ್ರವೇಶದ ಕುಣಿತ. ಕೊನೆಗೆ ಪ್ರಸಂಗದ, ಅಂದರೆ ಆಡುವ ಕಥೆಯ ಮಾತು. ವರ್ಷದ ಕೊನೆಯ ಹೊತ್ತಿಗೆ ಕಿಶೋರ ಯಕ್ಷಗಾನ ಸಂಭ್ರಮ ಅಂತ ಸಾಲು ಸಾಲು ಪ್ರದರ್ಶನ. ಕೃಷ್ಣ ಮಠದ ರಾಜಾಂಗಣದಲ್ಲಿ ಒಂದೊಂದು ಸಂಜೆ ಒಂದೊಂದು ಶಾಲೆಯ ಮಕ್ಕಳು ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಕಿರೀಟ ಇಟ್ಟು ರಂಗಕ್ಕೆ ಬರುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಒಂದೆರಡಿದೆ. ಇದು ಸಂಭ್ರಮ, ಸ್ಪರ್ಧೆಯಲ್ಲ. ಯಾವ ಶಾಲೆ ಗೆದ್ದಿತು ಎಂಬ ಮಾತಿಲ್ಲ, ಹಾಗಾಗಿ ಕುಣಿತ ಬಾರದ ಹುಡುಗನನ್ನು ಹೊರಗಿಡುವ ಅಗತ್ಯವೂ ಇಲ್ಲ. ಅವನು ಸೇನೆಯ ಪಾತ್ರದಲ್ಲೋ, ಕೊನೆಗೆ ರಾಕ್ಷಸನ ಹಿಂದಿನ ಸಾಲಿನಲ್ಲೋ ನಿಲ್ಲುತ್ತಾನೆ. ಗಂಡಸರ ಮೇಳಗಳೇ ತುಂಬಿದ್ದ ಕಲೆಯಲ್ಲಿ ಹೆಣ್ಣುಮಕ್ಕಳು ರಾಜವೇಷ, ರಾಕ್ಷಸರ ಬಣ್ಣದ ವೇಷ ಕಟ್ಟುತ್ತಾರೆ. ತಾಯಿ ತಂದೆಯರು ಅಂಗಡಿ ಬೇಗ ಮುಚ್ಚಿ ನೋಡಲು ಬರುತ್ತಾರೆ. ಮಕ್ಕಳ ಅರ್ಥಗಾರಿಕೆ, ಅಂದರೆ ಪಾತ್ರದ ಮಾತು, ಬಾಯಿಪಾಠವೇ ಇರುತ್ತದೆ, ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯವರು ಕೇಳಿದರೆ ಮೂಗು ಮುರಿದಾರು. ಮುರಿಯಲಿ ಬಿಡಿ. ಹದಿನಾಲ್ಕರ ಹುಡುಗಿ ನೂರಾರು ಜನರ ಎದುರು ನಿಂತು ತಡವರಿಸದೆ ಶುದ್ಧ ಕನ್ನಡ ಮಾತಾಡುತ್ತಾಳೆ. ಅದನ್ನು ಯಾವ ಆಶುಭಾಷಣ ಸ್ಪರ್ಧೆಯೂ ಮೂವತ್ತು ಮಕ್ಕಳಿಗೆ ಒಟ್ಟಿಗೆ ಕೊಟ್ಟದ್ದು ನಾನು ಕಾಣೆ.

ಇದನ್ನು ಹಾಗೇ ಎತ್ತಿ ಕಲಬುರಗಿಗೆ ಇಡಲು ಆಗುವುದಿಲ್ಲ, ಇಡಲೂಬಾರದು. ಉಡುಪಿಯಲ್ಲಿ ಯಕ್ಷಗಾನ ಊರಿನ ಕೈಯಲ್ಲೇ ಇದೆ, ಗುರುಗಳು ಅಲ್ಲೇ ಸಿಗುತ್ತಾರೆ. ಆದರೆ ಎಲ್ಲ ಊರಿನಲ್ಲೂ ಏನೋ ಒಂದು ಇರುತ್ತದೆ. ಹಾವೇರಿ ಕಡೆ ಡೊಳ್ಳು, ಮಂಡ್ಯದ ಕಡೆ ಪೂಜಾ ಕುಣಿತ, ಬಾಗಲಕೋಟೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ. ಕಲೆಯೇ ಆಗಬೇಕೆಂದಿಲ್ಲ. ಟ್ರ್ಯಾಕ್ಟರ್ ಮೆಕ್ಯಾನಿಕ್, ನೇಕಾರರು, ಮೊಬೈಲ್ ರಿಪೇರಿ ಮಾಡುವ ಹುಡುಗ, ಹಾವು ಹಿಡಿಯುವವರು, ಹಳೆಯ ಕಬಡ್ಡಿ ಆಟಗಾರರು. ಶಾಲೆಯ ಗೇಟಿನೊಳಗೆ ಇವರಿಗೆ ಜಾಗವಿಲ್ಲ. ಬಿ.ಎಡ್. ಆಗಿಲ್ಲವಲ್ಲ!

ಕೆಲವರು ಇನ್ನೊಂದು ಮದ್ದು ಹೇಳುತ್ತಾರೆ. ಅಂಕ ಕೊಡಿ, ಆಗ ಎಲ್ಲರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಅಂತ. ಪಕ್ಕದ ಕೇರಳದಲ್ಲಿ ಇದನ್ನು ಬಹಳ ಕಾಲದಿಂದ ಮಾಡಿದ್ದಾರೆ. ಅಲ್ಲಿನ ರಾಜ್ಯ ಶಾಲಾ ಕಲೋತ್ಸವ 1957ರಲ್ಲಿ ಶುರುವಾದದ್ದು. ಇವತ್ತು ಇಡೀ ರಾಜ್ಯ ಕಾದು ನೋಡುವ ಹಬ್ಬ. ಗೆದ್ದವರಿಗೆ ಪರೀಕ್ಷೆಯಲ್ಲಿ ಗ್ರೇಸ್ ಅಂಕ ಸಿಗುತ್ತದೆ. ಪರಿಣಾಮ? ವೇಷಭೂಷಣಕ್ಕೆ, ತರಬೇತುದಾರರಿಗೆ ಮನೆಯವರು ದುಡ್ಡು ಸುರಿಯುತ್ತಾರೆ. ತೀರ್ಪಿನ ಮೇಲೆ ಅಪೀಲು ಹೋಗುತ್ತವೆ, ಕೋರ್ಟಿನ ಆದೇಶ ಹಿಡಿದು ಮಕ್ಕಳು ವೇದಿಕೆಗೆ ಬರುತ್ತಾರೆ. ಹಬ್ಬ ದೊಡ್ಡದಾಯಿತು, ನಿಜ. ಆದರೆ ಕೈ ಎತ್ತದ ಮೂವತ್ತೆಂಟು ಮಕ್ಕಳು ಅಲ್ಲೂ ಬೆಂಚಿನ ಮೇಲೆಯೇ.

ನಮ್ಮಲ್ಲೂ ಅಂಕದ ರುಚಿ ಸ್ವಲ್ಪ ನೋಡಿದ್ದೇವೆ. ಎಸ್ಸೆಸ್ಸೆಲ್ಸಿಯಲ್ಲಿ 100 ಅಂಕದ ವಿಷಯವಾದರೆ ಅದರಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ. ಚಟುವಟಿಕೆ, ಪ್ರಾಜೆಕ್ಟ್ ಅಂತ ಮಾಡಿಸಿ ಕೊಡಬೇಕಾದ ಅಂಕ. ಎಷ್ಟೋ ಕಡೆ ಪ್ರಾಜೆಕ್ಟ್ ಪುಸ್ತಕ ತಯಾರಾಗುವುದು ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ. ಅಂಕ ಅಂದ ಕೂಡಲೇ ಅದೂ ಒಂದು ಸಬ್ಜೆಕ್ಟ್ ಆಗಿಬಿಡುತ್ತದೆ.

ಪೇಟೆಯ ಖಾಸಗಿ ಶಾಲೆಗಳದ್ದು ಬೇರೆ ತರದ ಕಾಯಿಲೆ. ಅಲ್ಲಿ ರೋಬೋಟಿಕ್ಸ್, ಚೆಸ್, ಕೀಬೋರ್ಡ್, ಕರಾಟೆ ಎಲ್ಲವೂ ಉಂಟು, ಫೀ ಕಟ್ಟಿದರೆ. ವಿದೇಶಕ್ಕೆ ಕಳಿಸುವ ಆಸೆ ಇದ್ದವರಿಗೆ ಲೆಕ್ಕವೂ ಸ್ಪಷ್ಟ. ಅಮೆರಿಕದ ಕಾಲೇಜುಗಳ ಕಾಮನ್ ಆಪ್ ಅರ್ಜಿಯಲ್ಲಿ ಹತ್ತು ಚಟುವಟಿಕೆ ತುಂಬಲು ಜಾಗವಿದೆ. ಬೆಂಗಳೂರಿನಲ್ಲಿ ಆ ಹತ್ತನ್ನು ತುಂಬಿಸಿಕೊಡುವುದೇ ಒಂದು ವ್ಯಾಪಾರ. ಉಳಿದವರ ಮನೆಯಲ್ಲಿ ಕೇಳುವ ಮಾತು ಇದು: "ಒಂಬತ್ತನೇ ಕ್ಲಾಸಿಗೆ ಬಂದಳು, ಡ್ಯಾನ್ಸ್ ಬಿಡಿಸಿದ್ವಿ." ಜೂನಿಯರ್ ಪರೀಕ್ಷೆ ಮುಗಿಸಿ ಸೀನಿಯರ್ ಕಟ್ಟಬೇಕಾದ ಹುಡುಗಿ ನೀಟ್ ಫೌಂಡೇಶನ್ ಕೋಚಿಂಗಿಗೆ ಹೋಗುತ್ತಾಳೆ. ದುಡ್ಡಿಲ್ಲದ ಮಗುವಿಗೆ ಅವಕಾಶ ಸಿಗಲಿಲ್ಲ, ದುಡ್ಡಿದ್ದ ಮಗುವಿನಿಂದ ಕಿತ್ತುಕೊಂಡರು. ಹದಿನೈದನೇ ವಯಸ್ಸಿಗೆ ಇಬ್ಬರೂ ಒಂದೇ ಕಡೆ ಬಂದು ನಿಲ್ಲುತ್ತಾರೆ.

ಈಗಿರುವ ವ್ಯವಸ್ಥೆಯೊಳಗೇ ಏನು ಮಾಡಬಹುದು? ಮೊದಲನೆಯದು ಸಂಘದ ಪಿರಿಯಡ್ಡನ್ನು ಶಾಲೆಯ ಹೊತ್ತಿನೊಳಗೇ ತರುವುದು. ಶನಿವಾರ ಬೆಳಿಗ್ಗೆಯ ಕೊನೆಯ ಎರಡು ಪಿರಿಯಡ್ ಇದಕ್ಕೆ ಹೇಳಿ ಮಾಡಿಸಿದಂತಿವೆ. ತಿಂಗಳಿಗೊಮ್ಮೆ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರದ ಪ್ರಯೋಗ ನಮ್ಮಲ್ಲಿ ಆಗಿದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ಬ್ಯಾಗ್ ರಹಿತ ದಿನ ಹೇಳಿದೆ. ತಿಂಗಳಿಗೊಮ್ಮೆ ಆದರೆ ಅದು ಜಾತ್ರೆ. ವಾರಕ್ಕೊಮ್ಮೆ ಆದರೆ ಅಭ್ಯಾಸ. ಹತ್ತನೇ ತರಗತಿಯವರನ್ನು ಬಿಡುವುದಿಲ್ಲ ಎಂದರೆ ಜಗಳ ಬೇಡ, ಎಂಟು ಮತ್ತು ಒಂಬತ್ತರವರಿಗಾದರೂ ಕೊಡಲಿ. ಎರಡು ವರ್ಷ ಕಡಿಮೆಯೇನಲ್ಲ.

ಬೋರ್ಡಿನ ಮೇಲಿನ ಹನ್ನೆರಡರಲ್ಲಿ ಎಂಟನ್ನು ಅಳಿಸಿದರೂ ನಷ್ಟವಿಲ್ಲ. ನಾಲ್ಕು ಉಳಿಸಿ, ಮಗು ಒಂದನ್ನು ತಾನೇ ಆರಿಸಿಕೊಳ್ಳಲಿ. ಆರಿಸಿದ್ದು ಹಿಡಿಸದಿದ್ದರೆ ಅಕ್ಟೋಬರ್ ರಜೆ ಮುಗಿದ ಮೇಲೆ ಬದಲಿಸಲಿ. ಮೇಷ್ಟ್ರಿಗೆ ತಮಗೆ ಪ್ರೀತಿ ಇರುವುದನ್ನು ಕೊಡಿ. ಗಣಿತದ ಮೇಡಮ್ಮಿಗೆ ಹಕ್ಕಿ ನೋಡುವ ಹುಚ್ಚಿದ್ದರೆ ಅವರೇ ಇಕೋ ಕ್ಲಬ್ ನಡೆಸಲಿ, ಅದು ವಿಜ್ಞಾನದವರ ಕೆಲಸ ಅಂತ ಯಾವ ಶಾಸನದಲ್ಲಿದೆ? ಊರಿನ ಕಲಾವಿದರಿಗೆ, ಕಸುಬುದಾರರಿಗೆ ದಿನದ ಗೌರವಧನ ಕೊಡಲು ಪಂಚಾಯಿತಿಯೋ ಹಳೆಯ ವಿದ್ಯಾರ್ಥಿಗಳೋ ಮುಂದೆ ಬಂದರೆ ದೊಡ್ಡ ಮೊತ್ತವೇನೂ ಬೇಕಾಗುವುದಿಲ್ಲ.

ಪಂಚಾಯಿತಿ ಅಂದಾಗ ಇನ್ನೊಂದು ನೆನಪಾಯಿತು. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಇವುಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ. ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲೇ ಸಿಗುವ ಜಾಗ, ಮೇಲ್ವಿಚಾರಕರೂ ಇರುತ್ತಾರೆ. ಶಾಲೆಯಲ್ಲಿ ಆಗದ ಚೆಸ್ಸು, ಪುಸ್ತಕದ ಮಾತು, ಸಂಜೆಯ ನಾಟಕದ ಓದು ಇಲ್ಲಿ ಆಗಬಹುದು. ಆಗುತ್ತಿರುವ ಕಡೆಗಳೂ ಇವೆ.

ನಿಮ್ಮ ಮಗು ಹೈಸ್ಕೂಲಿನಲ್ಲಿದ್ದರೆ ಮುಂದಿನ ಪೋಷಕರ ಸಭೆಗೆ ಸುಮ್ನೆ ಸಹಿ ಹಾಕಿ ಬರಬೇಡಿ. ವಿಜ್ಞಾನ ಸಂಘ ಇದೆಯಾ ಅಂತ ಕೇಳಿದರೆ ಇದೆ ಅನ್ನುತ್ತಾರೆ, ಬೋರ್ಡ್ ತೋರಿಸುತ್ತಾರೆ. ಬೇರೆ ತರ ಕೇಳಿ. ವಾರದ ಯಾವ ದಿನ, ಯಾವ ಪಿರಿಯಡ್? ಹೋದ ವಾರ ಏನು ಮಾಡಿದರು? ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ?